ಪ್ರಿನ್ಸಿಪಾಲರ ಕಿಟಕಿಯ ಹೀರೆಕಾಯಿ

ನಮ್ಮ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರ್‌ಗೆ ಎಲ್ಲರೂ ಇಟ್ಟ ಹೆಸರು ತಾರಸಿ ಮಹಾರಾಜ. ಅವನ ಸಾಮ್ರಾಜ್ಯವೆಲ್ಲ ತಾರಸಿಯ ಮೇಲೆ, ಒಡೆದ ಸಿಂಕು ಮತ್ತು ತೂತು ಬಕೆಟ್ಟುಗಳಲ್ಲಿತ್ತು. ಬದನೆ, ಹೀರೆ, ಬೀಟ್‌ರೂಟ್ ಅವನ ಪ್ರಜೆಗಳು. ಸಸ್ಯಶಾಸ್ತ್ರದ ಮೇಷ್ಟ್ರು ಸಲಹೆ ಕೊಡಲು ಹೋದರೆ, "ನಿಮ್ಮದು ಪುಸ್ತಕದ ಬದನೆಕಾಯಿ ಸಾರ್, ನಂದು ಬಕೆಟ್ಟಿಂದು" ಎಂದುಬಿಡುತ್ತಿದ್ದ.

ಒಂದು ದಿನ, ತೋಟದ ನೇರ ಕೆಳಗೆ ಕೂತಿದ್ದ ಪ್ರಿನ್ಸಿಪಾಲರ ಬೋಳುತಲೆಗೆ ಚಾವಣಿಯಿಂದ ಹನಿ ತೊಟ್ಟಿಕ್ಕಿತು.

"ನಾಳೆ ಸಂಜೆಯೊಳಗೆ ತಾರಸಿ ಖಾಲಿಯಾಗ್ಬೇಕು!" ಎಂದು ಅವರು ಗುಡುಗಿದರು.

ಮಹಾರಾಜ ಹದಿನೆಂಟು ವರ್ಷ ಲ್ಯಾಬಿನಲ್ಲಿ ಬರೀ ಗಾಜು ತೊಳೆದಿರಲಿಲ್ಲ. ಹತ್ತು ಬೀಟ್‌ರೂಟ್ ಅರೆದು, ಆ ಕೆಂಪು ನೀರನ್ನು ಕುಂಡಗಳ ಸುತ್ತ ತಾರಸಿಗೆಲ್ಲ ಸುರಿದ. ಮರುದಿನ ಬೀಕರ್ ಹಿಡಿದು ಪ್ರಿನ್ಸಿಪಾಲರ ಪಕ್ಕ ನಿಂತ. ಅದರೊಳಗೆ ಬಿದ್ದ ಹನಿ ತಿಳಿಯಾಗಿತ್ತು.

"ನನ್ನ ತೋಟದ್ದಾದ್ರೆ ಕೆಂಪಗಿರ್ಬೇಕಿತ್ತು ಸಾರ್. ಸ್ವಲ್ಪ ನಿಮ್ಮ ಎ.ಸಿ. ಆರಿಸ್ತೀರಾ?"

ಆರಿಸಿದ ಸ್ವಲ್ಪ ಹೊತ್ತಿಗೆ ಹನಿ ನಿಂತಿತು. ಹೊಸ ಎ.ಸಿ.ಯ ನೀರಿನ ಪೈಪು ಹೊರಗೆ ಹೋಗದೆ ಚಾವಣಿಯೊಳಗೇ ಮುಗಿದಿತ್ತು.

"ಹಾಗಾದ್ರೆ ನಾನಿಲ್ಲಿ ಬೇಯ್ಬೇಕೇನಯ್ಯಾ?"

"ನಾನಿರೋವಾಗ ಬೇಯೋಕೆ ಬಿಡ್ತೀನಾ ಸಾರ್!" ಎಂದ ಮಹಾರಾಜ, ನೆರಳಿಗೆಂದು ಹೀರೆಬಳ್ಳಿಯನ್ನು ಅವರ ಕಿಟಕಿಗೆ ಇಳಿಬಿಟ್ಟ.

ಎ.ಸಿ. ರಿಪೇರಿಯಾಗಿ ತಿಂಗಳಾಯಿತು. ಪ್ರಿನ್ಸಿಪಾಲರು ಇನ್ನೂ ಹಾಕಿಲ್ಲ. ಹಾಕಬೇಕಾದರೆ ಕಿಟಕಿ ಮುಚ್ಚಬೇಕು. ಮುಚ್ಚಿದರೆ ಸರಳಿನ ಸಂದಿಯಿಂದ ಒಳಗೆ ಇಣುಕಿರುವ ಎಳೆ ಹೀರೆಕಾಯಿ ಮುರಿದುಹೋಗುತ್ತದಂತೆ.