ಇಳಿತದ ಪೆನ್ನಿ

ಒಮಾನಿನಲ್ಲಿ ಕೂತು ಬ್ರಿಟಿಷರ ಹಳೆಯ ಕಂಚಿನ ಪೆನ್ನಿಗಳನ್ನು ಕೂಡಿಡುವವರು ಎಷ್ಟು ಮಂದಿ ಇದ್ದಾರೋ ನನಗೆ ಗೊತ್ತಿಲ್ಲ. ನಾನು ಕಂಡದ್ದು ಇಬ್ಬರನ್ನು. ಒಬ್ಬ ನಾನೇ: ದಾರ್ಸೈಟಿನ ಫ್ಲ್ಯಾಟಿನಲ್ಲಿರುವ, ಕಂಪೆನಿಯೊಂದರಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವ, ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್. ಇನ್ನೊಬ್ಬರು ರುಸ್ತಾಕಿನ ಪೇಟೆಯಲ್ಲಿ ವಾಚು ರಿಪೇರಿ ಮಾಡುತ್ತಿದ್ದ ಬ್ಯಾರಿ ಹಿರಿಯರು. ಅವರನ್ನು ನಾನು ಕಾಕ ಎನ್ನುತ್ತಿದ್ದೆ. ಅವರು ಊರಿನಲ್ಲಿ ಕ್ರಿಶ್ಚಿಯನ್ನರಿಗೆ ಹೇಳುವ ರೂಢಿಯಂತೆ ನನ್ನನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ಬಹುವಚನ ಬಿಡಲಿಲ್ಲ.

ಈ ಹುಚ್ಚು ಹತ್ತಿಸಿದವರು ಅವರೇ. ಸೈಟ್ ನೋಡಲು ರುಸ್ತಾಕಿಗೆ ಹೋದವನು ವಾಚಿಗೆ ಸೆಲ್ ಹಾಕಿಸಲು ಅವರ ಅಂಗಡಿ ಹೊಕ್ಕಿದ್ದೆ. ಮೇಜಿನ ಮೇಲೆ ಒಂದೇ ಇಸವಿಯ ಎರಡು ಪೆನ್ನಿ ಇದ್ದವು. ವ್ಯತ್ಯಾಸ ಏನು ಹೇಳಿ ಎಂದರು. ನಕ್ಷೆ ಬಿಡಿಸುವವನ ಕಣ್ಣು ನನ್ನದು ಎಂಬ ಜಂಬ ನನಗೆ. ಹತ್ತು ನಿಮಿಷ ನೋಡಿದರೂ ತಿಳಿಯಲಿಲ್ಲ. ಇಸವಿಯ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಒಂದು ಅಕ್ಷರ, ಅದು ಬೇರೆ ಟಂಕಸಾಲೆಯದ್ದು ಎಂದು ಅವರೇ ತೋರಿಸಿದರು. ಅಂದಿನಿಂದ ನಾನು ಕೆಟ್ಟೆ.

ಇಲ್ಲಿ ವಾರದ ರಜೆ ಶುಕ್ರವಾರ; ನಾನು ಇಗರ್ಜಿ ಮುಗಿಸಿ ಹೊರಡುವುದು, ಅವರು ಜುಮಾ ನಮಾಜು ಮುಗಿಸಿ ಕಾಯುವುದು. ಊಟದ ನಂತರ ಕೋಟೆಯ ಬದಿಯ ಹಳೆ ಸಾಮಾನಿನ ಅಂಗಡಿಗೆ ಹೋಗುತ್ತಿದ್ದೆವು. ಅಲ್ಲಿನ ಮುದುಕ ಒಮಾನಿ ನಮ್ಮ ಮುಂದೆ ಹಾಲಿನ ಪುಡಿಯ ಒಂದು ಡಬ್ಬಿ ಇಟ್ಟು ತನ್ನ ಪಾಡಿಗೆ ಕಾಫಿ ಕುಡಿಯುತ್ತಿದ್ದ. ಹಿಂದೆ ಬ್ರಿಟಿಷರ ಕೈಯಲ್ಲಿದ್ದ ಜಾಂಜಿಬಾರಿನಿಂದ ಮರಳಿದವರ ಪೆಟ್ಟಿಗೆಗಳಿಂದ ಬಂದ ನಾಣ್ಯಗಳು ಅದರಲ್ಲಿ ತುಂಬಿದ್ದವು. ಕಾಕ ಟವೆಲು ಹಾಸಿ ಒಂದೊಂದನ್ನೇ ಮಗುಚುತ್ತಿದ್ದರು. ನಮ್ಮಿಬ್ಬರಲ್ಲಿ ಇದ್ದದ್ದು ಒಂದೇ ಕಟ್ಟಳೆ: ಸಿಕ್ಕಿದ್ದನ್ನು ತೋರಿಸಬೇಕು, ಯಾರ ಆಲ್ಬಮ್ಮಿನಲ್ಲಿ ಆ ಜಾಗ ಮೊದಲಿನಿಂದ ಖಾಲಿಯೋ ಅವರಿಗೆ ಅದು.

ಅವರ ಆಲ್ಬಮ್ಮಿನಲ್ಲಿ ಏಳನೇ ಎಡ್ವರ್ಡನ ಸಾಲಿನಲ್ಲಿ ಒಂದು ತೂತು ಖಾಲಿ ಇತ್ತು. ಸಾವಿರದ ಒಂಬೈನೂರ ಎರಡರ ಪೆನ್ನಿ, ಇಳಿತದ್ದು. ಪೆನ್ನಿಯ ಹಿಂಬದಿಯಲ್ಲಿ ತ್ರಿಶೂಲ ಹಿಡಿದು ಕೂತ ಹೆಂಗಸಿನ ಹಿಂದೆ ಕಡಲಿನ ಒಂದು ಗೆರೆ ಇರುತ್ತದೆ. ಸಾಧಾರಣ ಪೆನ್ನಿಯಲ್ಲಿ ಆ ಗೆರೆ ಅವಳ ಕಾಲುಗಳು ಒಂದರ ಮೇಲೊಂದು ಹಾಯುವಲ್ಲಿಗೆ ಬಂದು ಮುಟ್ಟುತ್ತದೆ. ಆ ವರ್ಷದ ಕೆಲವೇ ಪೆನ್ನಿಗಳಲ್ಲಿ ಗೆರೆ ಅದಕ್ಕಿಂತ ಕೆಳಗೆ. ನೀರು ಇಳಿದಂತೆ. ಫೋನಿನಲ್ಲಿ ಹುಡುಕಿ ತರಿಸಿಕೊಳ್ಳಬಹುದಾದ ವಸ್ತುವೇ. ಹಾಗೆಂದರೆ ಕಾಕನಿಗೆ ಸಿಟ್ಟು.

"ಕಡಲ ಬದಿಯಲ್ಲಿ ಹುಟ್ಟಿದವ ನಾನು. ಉಬ್ಬರ ಯಾವುದು ಇಳಿತ ಯಾವುದು ಅಂತ ಇನ್ನೊಬ್ಬ ನೋಡಿ ಕಳಿಸ್ಬೇಕಾ ಪೊರ್ಬುಗಳೇ? ನನ್ನ ಕಣ್ಣಿಗೇ ಬೀಳ್ಬೇಕು ಅದು."

ಆ ಕಣ್ಣೇ ಕೈಕೊಡುತ್ತಿತ್ತು. ನರ ಒಣಗುತ್ತಿದೆ, ಮದ್ದು ಹಾಕಿದರೆ ನಿಧಾನವಾದೀತೇ ಹೊರತು ನಿಲ್ಲದು ಎಂದು ಡಾಕ್ಟರು ಹೇಳಿದ್ದರಂತೆ. ಸಣ್ಣ ಲೇಡೀಸ್ ವಾಚುಗಳನ್ನು ಅವರು ಆಗಲೇ ವಾಪಸು ಕಳಿಸತೊಡಗಿದ್ದರು. "ಪೂರ್ತಿ ಕತ್ತಲೆ ಆಗುವ ಮೊದಲು ಅದೊಂದು ಸಿಕ್ಕಿದ್ರೆ ಸಾಕು" ಎಂದು ಒಮ್ಮೆ ಹೇಳಿದರು. ಮತ್ತೆ ಹೇಳಲಿಲ್ಲ.

ಸಿಕ್ಕಿತು. ಸಿಕ್ಕಿದ್ದು ನನಗೆ.

ಅವತ್ತು ಕಾಕ ಅಸರ್ ನಮಾಜಿಗೆಂದು ಎದ್ದು ಹೋಗಿದ್ದರು. ಡಬ್ಬಿಯ ತಳದಲ್ಲಿ ಚಾಕಲೇಟು ಬಣ್ಣಕ್ಕೆ ಮಾಗಿದ ಒಂದು ಪೆನ್ನಿ. ಮಗುಚಿದೆ. ಗೆರೆ ಕೆಳಗಿತ್ತು. ಎರಡು ಸಲ ನೋಡಿದೆ. ಅದು ಯಾರದ್ದು ಎಂಬುದರಲ್ಲಿ ನನಗೆ ಒಂದು ಕ್ಷಣದ ಅನುಮಾನವೂ ಇರಲಿಲ್ಲ. ಆದರೂ ನನ್ನ ಗುರುತಿನ ಚೀಟಿ ಬತಾಕಾ ಇಡುವ ಪ್ಲಾಸ್ಟಿಕ್ ಕವರಿಗೆ ಅದನ್ನು ತುರುಕಿ, ಮುದುಕನ ಕೈಗೆ ಚಿಲ್ಲರೆ ಹಾಕಿ, ಏನೂ ಆಗದವನಂತೆ ಕೂತೆ. ಇದು ಹೊಟ್ಟೆಕಿಚ್ಚು. ಇದಕ್ಕೆ ಬೇರೆ ಹೆಸರಿಡಲು ನನಗೆ ಮನಸ್ಸಿಲ್ಲ. ಅವರಲ್ಲಿ ಇಲ್ಲದ ಒಂದಾದರೂ ನನ್ನಲ್ಲಿರಲಿ ಎಂಬ ಆಸೆ ಐದು ವರ್ಷದಿಂದ ಒಳಗೇ ಕುದಿಯುತ್ತಿತ್ತು.

ಕಂಚನ್ನು ಪ್ಲಾಸ್ಟಿಕ್ಕಿನಲ್ಲಿ ಇಡಬಾರದು ಎಂದು ಮೊದಲು ಹೇಳಿಕೊಟ್ಟವರೂ ಅವರೇ. ಇಲ್ಲಿನ ಸೆಖೆಗೆ ಆ ಜಾತಿಯ ಕವರು ಬೆವರುತ್ತದೆ, ಬೆವರಿದ್ದು ಕಂಚನ್ನು ತಿನ್ನುತ್ತದೆ. ಅದಕ್ಕೇ ಅವರು ಕಾಗದದ ಪೊಟ್ಟಣ ಮಡಚುತ್ತಿದ್ದರು. ಮನೆಗೆ ಹೋದ ಕೂಡಲೇ ಕಾಗದಕ್ಕೆ ಹಾಕುತ್ತೇನೆ ಎಂದುಕೊಂಡೆ. ಆದರೆ ನನ್ನ ಆಲ್ಬಮ್ಮನ್ನು ಅವರು ತಿಂಗಳಿಗೊಮ್ಮೆ ತರಿಸಿ ನೋಡುವವರು, ಮನೆಯಲ್ಲಿ ಹೆಂಡತಿ ಏನು ತಂದಿರಿ ಎಂದು ಕೇಳುವವಳು. ಹಾಗಾಗಿ ಕವರು ಕಾರಿನ ಡ್ಯಾಶ್‌ಬೋರ್ಡಿನೊಳಗೇ ಉಳಿಯಿತು.

ಈದಿಗೆ ಕೊಡುತ್ತೇನೆ ಎಂದುಕೊಂಡೆ. ಈದ್ ಬಂತು, ಬಿರಿಯಾನಿ ತಿಂದು ಬಂದೆ. ಕ್ರಿಸ್ಮಸ್ಸಿಗೆ ಕುಸ್ವಾರಿನ ತಿಂಡಿಗಳ ಜೊತೆ ಇಡುತ್ತೇನೆ ಎಂದುಕೊಂಡೆ. ಕಜ್ಜಾಯದ ಡಬ್ಬಿ ಮಾತ್ರ ಹೋಯಿತು. ದಿನ ಕಳೆದಂತೆ, ಕೊಟ್ಟರೆ ಇಷ್ಟು ದಿನ ಯಾಕೆ ಇಟ್ಟುಕೊಂಡಿರಿ ಎಂಬ ಪ್ರಶ್ನೆಯೂ ಜೊತೆಗೇ ಬೆಳೆಯಿತು. ಶುಕ್ರವಾರಗಳು ನಿಲ್ಲಲಿಲ್ಲ. ಅವರು ಟವೆಲು ಹಾಸುವರು, ಪೆನ್ನಿಯನ್ನು ಮೂಗಿನ ತುದಿಯವರೆಗೆ ತಂದು ತಿರುಗಿಸುವರು, "ಇಳಿತ ಇವತ್ತೂ ಇಲ್ಲ" ಎಂದು ಮರಳಿ ಹಾಕುವರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಬರುಬರುತ್ತಾ ಪೆನ್ನಿಗಳನ್ನು ನನ್ನ ಕೈಗೇ ಕೊಟ್ಟು ಗೆರೆ ಎಲ್ಲಿದೆ ಎಂದು ಕೇಳತೊಡಗಿದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಈ ವರ್ಷ ಅವರು ವೀಸಾ ಕ್ಯಾನ್ಸಲ್ ಮಾಡಿಸಿದರು. ವೀಸಾ ಕೊಟ್ಟಿದ್ದ ಕಫೀಲ್ ಒಳ್ಳೆಯವನು, ಊರಿನ ಟಿಕೆಟನ್ನೂ ಅವನೇ ಮಾಡಿಸಿದ್ದ. ಕೊನೆಯ ಶುಕ್ರವಾರ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಡ್ಯಾಶ್‌ಬೋರ್ಡಿಗೆ ಕೈ ಹಾಕಿದೆ. ಕವರು ಒಳಗಿನಿಂದ ಹಸಿರಾಗಿತ್ತು. ಪೆನ್ನಿ ಅದಕ್ಕೆ ಅಂಟಿಕೊಂಡಿತ್ತು. ಎಳೆದಾಗ ಬೆರಳಿಗೆ ಲೋಳೆ ಹತ್ತಿತು. ಒರೆಸಿದರೆ ಮೈಯೆಲ್ಲಾ ಸಿಡುಬು ಎದ್ದು ಹೋದವರ ಮುಖದಂತೆ ಕುಳಿ. ಹಾಗೇ ತಿರುಗಿ ದಾರ್ಸೈಟಿಗೆ ಹೋಗಿಬಿಡೋಣ ಅನ್ನಿಸಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ನನ್ನದು ಹೋದದ್ದು ಒಂದು ಪೆನ್ನಿಗೆ.

ಅಂಗಡಿಯ ಗೋಡೆ ಬರಿದಾಗಿತ್ತು. ಕಾಕ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ನಾನು ಅದನ್ನು ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಸವರಿದರು. ಮೂಗಿನ ಹತ್ತಿರ ಹಿಡಿದು ಮೂಸಿದರು.

"ಪ್ಲಾಸ್ಟಿಕ್ಕಿನಲ್ಲಿ ಇತ್ತು" ಎಂದರು.

"ಹೌದು ಕಾಕ."

"ನೀರು ಎಲ್ಲಿವರೆಗೆ ಉಂಟು? ನೋಡಿ ಹೇಳಿ."

ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಭೂತಗನ್ನಡಿ ತೆಗೆದು ನೋಡಿದೆ. ಗೆರೆ ಇರಬೇಕಾದಲ್ಲಿ ಹಸಿರು ಕುಳಿ ಇತ್ತು. ಗೆರೆ ಇರಲಿಲ್ಲ.

"ಕೆಳಗೆ ಉಂಟು ಕಾಕ. ಇಳಿತದ್ದೇ."

ಅವರು ತಲೆಯಾಡಿಸಿದರು. ಜೇಬಿನಿಂದ ಒಂದು ಕಾಗದ ತೆಗೆದು ತಡಕಾಡುತ್ತಲೇ ಪೊಟ್ಟಣ ಮಡಚಿ, ಪೆನ್ನಿಯನ್ನು ಅದರೊಳಗಿಟ್ಟು, ನನ್ನ ಕೈ ಹುಡುಕಿ ಅದರಲ್ಲಿಟ್ಟರು.

"ಎಷ್ಟು ಬೇಸಿಗೆ ಆಯ್ತು?"

"ಎರಡು."

ಹೊರಗೆ ಯಾರೋ ಅಂಗಡಿಯ ಬೋರ್ಡು ಬಿಚ್ಚುತ್ತಿದ್ದರು.

"ಮೊದಲನೇ ಬೇಸಿಗೆಯಲ್ಲಿ ನನಗೆ ಕಾಣ್ತಿತ್ತು, ಪೊರ್ಬುಗಳೇ."