ಮೊದಲ ಸುತ್ತು

ಕಡೂರಿನಲ್ಲಿ ನಮ್ಮ ಪಕ್ಕದ ಮನೆಯವರು ಕೊಬ್ಬರಿ ವ್ಯಾಪಾರಿ. ತಮ್ಮ ಹಳೆಯ ಬೈಕಿನ ಮಡ್‌ಗಾರ್ಡು, ಟ್ಯಾಂಕುಗಳನ್ನು ತಾವೇ ಬಿಚ್ಚಿ, ಬಣ್ಣ ಹೊಡೆದು ಮತ್ತೆ ಕೂರಿಸುತ್ತಿದ್ದರು. ಆಮೇಲೆ ಒಂದೊಂದನ್ನೂ ಅಲ್ಲಾಡಿಸಿ ಕಿವಿಗೊಡುವರು. "ಒಣಗಿದ ಕಾಯಿ ಲೊಡಲೊಡ ಅನ್ಬೇಕು, ಬೈಕು ಅನ್ಬಾರ್ದು ಕಣಪ್ಪಾ," ಎನ್ನುವರು.

ಹಾಗೆ ಬಿಚ್ಚಿ ಕೂರಿಸಿದ ದಿನ ಯಾವುದಾದರೂ ಸಮಾರಂಭಕ್ಕೆ ಹೊರಟರೆ, ಹೂ ಮುಡಿದು ಬಂದ ಹೆಂಡತಿಯನ್ನು ತಕ್ಷಣ ಹತ್ತಿಸಿಕೊಳ್ಳುತ್ತಿರಲಿಲ್ಲ. "ತಡಿಯೇ, ಮೊದ್ಲು ನಾನೊಬ್ನೇ ಒಂದ್ ಸುತ್ತು ಹೋಗ್ಬತ್ತೀನಿ."

"ಅಷ್ಟೊತ್ತಿಗೆ ಅಲ್ಲಿ ಊಟಾನೇ ಮುಗ್ದಿರ್ತದೆ ಕಣ್ರೀ," ಎಂದು ಆಕೆ ಗೊಣಗುವರು.

ಸಿಂಗಟಗೆರೆಗೆ ನಾಮಕರಣಕ್ಕೆ ಹೊರಟ ದಿನವೂ ಹಾಗೇ ಒಬ್ಬರೇ ಹೋದರು. ಟ್ಯಾಂಕು ಕೂರಿಸುವಾಗ ಅದರಡಿ ಆಕ್ಸಿಲರೇಟರ್ ಕೇಬಲ್ ಸಿಕ್ಕಿಕೊಂಡದ್ದು ಅವರಿಗೆ ತಿಳಿದಿರಲಿಲ್ಲ. ಬೀದಿಯ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದ್ದೇ ತಡ, ಕೇಬಲ್ ಎಳೆದುಕೊಂಡು ಬೈಕು ಭರ್ರನೆ ಮರಳಿನ ರಾಶಿಗೆ ನುಗ್ಗಿತು. ತರಚಿದ ಮೊಣಕೈಯಲ್ಲೇ ಅದನ್ನು ತಳ್ಳಿಕೊಂಡು ಬಂದವರು ಹಿಂದಿನ ಸೀಟಿನ ಮೇಲೆ ಕೈಯಿಟ್ಟು, "ನೀನು ಕೂತಿದ್ದಿದ್ರೆ…" ಎಂದರು.

ಆಮೇಲೆ ಆಕೆ ಗೊಣಗಿದ್ದನ್ನು ನಾನೆಂದೂ ಕೇಳಲಿಲ್ಲ. ಅವರು ಮೊದಲ ಸುತ್ತಿಗೆ ಹೊರಟಾಗಲೆಲ್ಲ ಆಕೆ ಹೂವನ್ನು ಕೈಯಲ್ಲೇ ಹಿಡಿದು ಗೇಟಿನ ಬಳಿ ನಿಲ್ಲುತ್ತಿದ್ದರು. ತಿರುವಿನಲ್ಲಿ ಬೈಕಿನ ಸದ್ದು ಮತ್ತೆ ಕೇಳಿಸಿದ ಮೇಲೆಯೇ ಮುಡಿಯುತ್ತಿದ್ದರು.