ಒದ್ದೆ ಬಟ್ಟೆಯಲ್ಲಿ ಒರೆಸಿದ ಕಂಪ್ಯೂಟರ್

ಆಯುಧಪೂಜೆಯ ಮರುದಿನ ಗೆಳೆಯ ಫೋನ್ ಮಾಡಿ, ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದ. ಜಯನಗರದ ಅವನ ಮನೆಗೆ ಹೋದೆ. ಅವನ ಹೆಂಡತಿ ತೀರಿಕೊಂಡು ವರ್ಷ ತುಂಬಿರಲಿಲ್ಲವಾದ್ದರಿಂದ ಅಲ್ಲಿ ಹಬ್ಬ ಮಾಡುವಂತಿರಲಿಲ್ಲ. ಆದರೂ ಕಂಪ್ಯೂಟರಿನ ಮೇಲೆ ಅರಿಶಿನ, ಕುಂಕುಮ, ಸೇವಂತಿಗೆ ಇದ್ದವು.

"ಪ್ರತಿ ವರ್ಷ ಅವಳೇ ಇದಕ್ಕೆ ಪೂಜೆ ಮಾಡ್ತಿದ್ಲು ಕಣೋ. ಬಿಡೋಕೆ ಮನಸ್ಸಾಗ್ಲಿಲ್ಲ" ಎಂದ.

ಆಕೆ ಮನೆಯಲ್ಲೇ ಸಂಗೀತ ಹೇಳಿಕೊಡುತ್ತಿದ್ದರು. ಶಿಷ್ಯರಿಗೆಂದು ಹಾಡಿ ರೆಕಾರ್ಡ್ ಮಾಡಿದ್ದೆಲ್ಲ ಆ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ದಿನಾ ಬೆಳಿಗ್ಗೆ ಅವನು ಅದನ್ನು ಕೇಳುತ್ತಿದ್ದ.

ಮುಚ್ಚಳ ತೆಗೆದೆ. ಒಳಗೆ ಹಳದಿ ನೀರು ಇಳಿದ ಗುರುತು, ಸುಟ್ಟ ವಾಸನೆ.

"ನೀರು ಹಾಕಿದ್ಯೇನೋ?"

"ಸ್ಕೂಟರ್ ತೊಳೆದು ಪೂಜೆ ಮಾಡಲ್ವಾ, ಹಂಗೇ ಇದನ್ನೂ ಒದ್ದೆ ಬಟ್ಟೆಲಿ ಒರೆಸ್ದೆ. ಆಮೇಲೆ ಅರಿಶಿನದ ನೀರು ಚಿಮುಕಿಸಿ ಆನ್ ಮಾಡ್ದೆ. ಟಪ್ ಅಂತು."

"ಅವರೂ ಹಿಂಗೇ ಮಾಡ್ತಿದ್ರಾ?"

"ಇಲ್ಲ. ಒಣ ಕುಂಕುಮ ಒಂದು ಬೊಟ್ಟು ಇಡ್ತಿದ್ಲು, ಅಷ್ಟೇ."

ಹಾರ್ಡ್ ಡಿಸ್ಕ್ ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಅದು ತಿರುಗಲೇ ಇಲ್ಲ. ರಿಪೇರಿ ಅಂಗಡಿಯವರೂ ಎರಡು ದಿನ ಇಟ್ಟುಕೊಂಡು, ಆಗುವುದಿಲ್ಲ ಎಂದು ವಾಪಸು ಕೊಟ್ಟರು.

ಅಂಗಡಿಯ ಮೆಟ್ಟಿಲ ಮೇಲೆ ಅವನು ಆಕೆಯ ಹಾಡೊಂದನ್ನು ಗುನುಗಲು ನೋಡಿದ. ಮೊದಲ ಸಾಲಿಗೇ ನಿಂತುಹೋಯಿತು.

"ದಿನಾ ಕೇಳ್ತಿದ್ನಲ್ಲೋ" ಎಂದ. "ಮುಂದಿನ ಸಾಲೇ ಬರ್ತಿಲ್ಲ."